ನೋಟಿಸು ಕಿವಿಗೂ ಮುಟ್ಟಲಿ: ದೃಷ್ಟಿದೋಷವುಳ್ಳವರಿಗೆ ಮಾಹಿತಿ ತಲುಪಿಸಲು ಒಂದು ಸಮಗ್ರ ಮಾರ್ಗದರ್ಶಿ

ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಹರಾಜು ಮುಗಿಯುವ ಹೊತ್ತಿಗೆ ಆ ದಿನದ ರೇಟು ತಾಲ್ಲೂಕಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಬಹುತೇಕ ಸಲ ಅದು ಬೋರ್ಡಿನ ಫೋಟೊ, ಇಲ್ಲವೇ ಚೀಟಿಯ ಫೋಟೊ. ಗ್ಲುಕೋಮಾದಿಂದ ದೃಷ್ಟಿ ಕಳೆದುಕೊಂಡ ತೆಂಗು ಬೆಳೆಗಾರರೊಬ್ಬರ ಕೈಯಲ್ಲಿರುವ ಫೋನು ಅದನ್ನು ಕಂಡು "ಫೋಟೊ" ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಅವರ ಫೋನಿನಲ್ಲಿ ಓದಿ ಹೇಳುವ ತಂತ್ರಾಂಶವಿದೆ, ಕನ್ನಡದ ದನಿಯೂ ಇದೆ. ಓದಲು ಅಕ್ಷರವೇ ಇಲ್ಲ. ಫೋಟೊದ ಕೆಳಗೆ "ಇವತ್ತು ಕ್ವಿಂಟಲ್‌ಗೆ ಇಷ್ಟು" ಎಂದು ಯಾರಾದರೂ ಒಂದು ಸಾಲು ಟೈಪ್ ಮಾಡಿದ್ದರೆ ಸಾಕಿತ್ತು.

ನಮ್ಮಲ್ಲಿ ಅಂಧರಿಗೆ ನೆರವು ಅಂದಕೂಡಲೇ ನೆನಪಾಗುವುದು ಸಾಧನ ವಿತರಣೆ: ವೇದಿಕೆ, ಶಾಲು, ಬಿಳಿ ಕೋಲು, ಫೋಟೊ. ಸಾಧನ ಬೇಡ ಎನ್ನುತ್ತಿಲ್ಲ. ಆದರೆ ತೊಂದರೆಯ ದೊಡ್ಡ ಪಾಲು ಮಾಹಿತಿ ಪಡೆಯುವವರ ಕಡೆ ಇಲ್ಲ, ಕಳುಹಿಸುವವರ ಮೇಜಿನ ಮೇಲಿದೆ. ಅಲ್ಲಿ ಅದನ್ನು ಸರಿಪಡಿಸಲು ದುಡ್ಡೂ ಬೇಕಿಲ್ಲ. ಹಾಗಾಗಿ ಈ ಮಾರ್ಗದರ್ಶಿ ಮನೆಯವರಿಗೆ ಎಷ್ಟೋ ಅಷ್ಟೇ ಪಿಡಿಒಗಳಿಗೆ, ಶಾಲೆಯ ಮೇಷ್ಟ್ರುಗಳಿಗೆ, ಅರಿವು ಕೇಂದ್ರದ (ಪಂಚಾಯಿತಿ ಗ್ರಂಥಾಲಯದ) ಮೇಲ್ವಿಚಾರಕರಿಗೆ, ಗುಂಪುಗಳ ಅಡ್ಮಿನ್‌ಗಳಿಗೆ.

ಹಂತ 1: ಮೊದಲು ಕೇಳಿ, ಆಮೇಲೆ ಕೊಡಿ

ಎಲ್ಲರಿಗೂ ಪೂರ್ತಿ ಕತ್ತಲೆ ಇರುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅಂಧತ್ವವನ್ನೂ ಮಂದದೃಷ್ಟಿಯನ್ನೂ ಬೇರೆಬೇರೆಯಾಗಿ ಗುರುತಿಸುತ್ತದೆ. ಕನ್ನಡಕ ಹಾಕಿದ ಮೇಲೂ ಒಳ್ಳೆಯ ಕಣ್ಣಿನ ದೃಷ್ಟಿ 3/60ಕ್ಕಿಂತ (ಸರಿಯಾದ ಕಣ್ಣು 60 ಮೀಟರಿನಿಂದ ಕಾಣುವುದನ್ನು 3 ಮೀಟರಿನಿಂದ ಕಾಣುವುದಕ್ಕಿಂತ) ಕಡಿಮೆ ಇದ್ದರೆ, ಅಥವಾ ನೋಟದ ವ್ಯಾಪ್ತಿ 10 ಡಿಗ್ರಿಗಿಂತ ಕಿರಿದಾಗಿದ್ದರೆ ಅಂಧತ್ವ. 6/18ರಿಂದ 3/60ರ ನಡುವೆ ಮಂದದೃಷ್ಟಿ. ಒಬ್ಬರಿಗೆ ದಪ್ಪಕ್ಷರ ಸಾಕು, ಇನ್ನೊಬ್ಬರಿಗೆ ದನಿಯೇ ಬೇಕು, ಚಿಕ್ಕಂದಿನಿಂದ ಬ್ರೈಲ್ ಕಲಿತವರಿಗೆ ಬೆರಳೇ ಕಣ್ಣು. ಹೀಗಾಗಿ ಕೇಳಬೇಕಾದ ಪ್ರಶ್ನೆಗಳು ಮೂರು: ಏನು ಕಾಣಿಸುತ್ತದೆ? ಯಾವ ಫೋನು ಇದೆ? ದಿನವೂ ಓದಿಸಿಕೊಳ್ಳಬೇಕಾಗಿ ಬರುವುದು ಏನು? ಮೂರನೆಯದನ್ನು ಯಾರೂ ಕೇಳುವುದಿಲ್ಲ. ಉತ್ತರ ಸಾಮಾನ್ಯವಾಗಿ ಪುಸ್ತಕವಲ್ಲ. ಕರೆಂಟ್ ಬಿಲ್ಲು, ಮಾತ್ರೆ ಪಟ್ಟಿ, ಬ್ಯಾಂಕಿನ ಮೆಸೇಜು, ಮಗಳ ಶಾಲೆಯ ಸುತ್ತೋಲೆ.

ಭಾಷೆಯನ್ನೂ ಕೇಳಿಕೊಳ್ಳಿ. ಪಾವಗಡದ ಕಡೆ, ಹಾಗೆಯೇ ಬಾಗೇಪಲ್ಲಿ, ಮುಳಬಾಗಿಲಿನಲ್ಲಿ ಮನೆಮಾತು ತೆಲುಗು, ಶಾಲೆಯಲ್ಲಿ ಕಲಿತದ್ದು ಕನ್ನಡ ಇರುವ ಎಷ್ಟೋ ಮನೆಗಳಿವೆ. ಅಂಥವರ ಫೋನಿಗೆ ಎರಡೂ ದನಿ ಹಾಕಿಕೊಡಿ.

ಹಂತ 2: ಫೋನಿಗೆ ಕನ್ನಡ ಮಾತು ಕಲಿಸುವುದು

ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಎಂಬ ಓದುಗ ತಂತ್ರಾಂಶ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಐಫೋನಿನಲ್ಲಿ ಅದರ ಹೆಸರು ವಾಯ್ಸ್‌ಓವರ್. ನಮ್ಮ ಕಡೆ ಹೆಚ್ಚಿನವರ ಕೈಯಲ್ಲಿರುವುದು ಆಂಡ್ರಾಯ್ಡ್ ಆದ್ದರಿಂದ ಅದನ್ನೇ ಹೇಳುತ್ತೇನೆ.

ಮೊದಲು ದನಿ, ಆಮೇಲೆ ಟಾಕ್‌ಬ್ಯಾಕ್. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಟೆಕ್ಸ್ಟ್-ಟು-ಸ್ಪೀಚ್ ಹುಡುಕಿ, ಗೂಗಲ್‌ನ ಸ್ಪೀಚ್ ಸೇವೆಯನ್ನು ಆರಿಸಿ, ಕನ್ನಡದ ದನಿಯನ್ನು ಇಳಿಸಿಕೊಳ್ಳಿ. ಇದನ್ನು ವೈಫೈ ಅಥವಾ ಒಳ್ಳೆಯ ಸಿಗ್ನಲ್ ಇರುವ ಕಡೆ ಮಾಡಿ. ದನಿ ಫೋನಿನೊಳಗೇ ಇದ್ದರೆ ನೆಟ್ ಇಲ್ಲದ ತೋಟದಲ್ಲೂ ಓದುತ್ತದೆ.

ಟಾಕ್‌ಬ್ಯಾಕ್ ಆನ್ ಮಾಡುವ ಮುನ್ನ ಅದನ್ನು ಆಫ್ ಮಾಡುವುದು ಹೇಗೆಂದು ಕಲಿತಿರಿ, ಮನೆಯವರಿಗೂ ಕಲಿಸಿರಿ. ಅಕ್ಸೆಸಿಬಿಲಿಟಿ ವಿಭಾಗದಲ್ಲಿ ಅದರ ಶಾರ್ಟ್‌ಕಟ್ ಚಾಲೂ ಮಾಡಿಟ್ಟರೆ, ವಾಲ್ಯೂಮಿನ ಎರಡೂ ಗುಂಡಿಗಳನ್ನು ಒಟ್ಟಿಗೆ ಮೂರು ಸೆಕೆಂಡು ಒತ್ತಿ ಹಿಡಿದಾಗ ಆನ್ ಆಗುತ್ತದೆ, ಮತ್ತೆ ಹಿಡಿದರೆ ಆಫ್. ಇದು ಗೊತ್ತಿಲ್ಲದ ಮನೆಗಳಲ್ಲಿ ನಡೆಯುವುದು ಒಂದೇ ಕಥೆ: ಅಜ್ಜನಿಗೆಂದು ಆನ್ ಮಾಡುತ್ತಾರೆ, ಮೊಮ್ಮಗ ಮುಟ್ಟಿದರೆ ಏನೂ ತೆರೆಯುವುದಿಲ್ಲ, "ಫೋನ್ ಹ್ಯಾಂಗ್ ಆಯ್ತು" ಎಂದು ಅಂಗಡಿಗೆ ಒಯ್ಯುತ್ತಾರೆ, ಅಂಗಡಿಯವರು ಟಾಕ್‌ಬ್ಯಾಕ್ ತೆಗೆದು ರಿಪೇರಿ ಆಯಿತೆನ್ನುತ್ತಾರೆ. ಫೋನು ಕೆಟ್ಟಿರುವುದಿಲ್ಲ. ಮುಟ್ಟುವ ಕ್ರಮ ಬದಲಾಗಿರುತ್ತದೆ, ಅಷ್ಟೆ.

ಕಲಿಯಬೇಕಾದ ಕ್ರಮ ಇಷ್ಟು. ಒಂದು ಬೆರಳಿನಿಂದ ಮುಟ್ಟಿದರೆ ಅಲ್ಲಿರುವುದನ್ನು ಓದುತ್ತದೆ, ತೆರೆಯುವುದಿಲ್ಲ. ತೆರೆಯಲು ಎರಡು ಸಲ ತಟ್ಟಬೇಕು. ಬಲಕ್ಕೆ ಸವರಿದರೆ ಮುಂದಿನದು, ಎಡಕ್ಕೆ ಸವರಿದರೆ ಹಿಂದಿನದು. ಪುಟ ಸರಿಸಲು ಎರಡು ಬೆರಳು ಬೇಕು. ಓದುವುದನ್ನು ನಿಲ್ಲಿಸಲು ಎರಡು ಬೆರಳಿನಿಂದ ಒಮ್ಮೆ ತಟ್ಟಿ. ಮೊದಲ ವಾರ ಇಷ್ಟೇ ಸಾಕು. ಮೊದಲ ದಿನವೇ ವಾಟ್ಸಾಪ್, ಯುಪಿಐ, ಯೂಟ್ಯೂಬ್ ಎಲ್ಲವನ್ನೂ ತಲೆಗೆ ತುಂಬುವವರು ಕಲಿಯುವವರ ಉತ್ಸಾಹ ಕೊಲ್ಲುತ್ತಾರೆ. ಮೊದಲ ಪಾಠ ಕರೆ ಮಾಡುವುದು ಮತ್ತು ಕರೆ ಎತ್ತುವುದು, ಅಷ್ಟೇ ಇರಲಿ. ಮಾತಿನ ವೇಗ ತಗ್ಗಿಸಿಕೊಡಿ. ತಿಂಗಳೊಪ್ಪತ್ತಿನಲ್ಲಿ ಅವರೇ ಏರಿಸಿಕೊಳ್ಳುತ್ತಾರೆ, ಪಕ್ಕದಲ್ಲಿ ಕೂತ ನಮಗೆ ಒಂದಕ್ಷರವೂ ತಿಳಿಯದಷ್ಟು.

ಇನ್ನೊಂದು ಮಾತು ಗುಟ್ಟಿನ ಬಗ್ಗೆ. ಬಸ್ಸಿನಲ್ಲಿ ಒಟಿಪಿಯನ್ನು ಫೋನು ಗಟ್ಟಿಯಾಗಿ ಓದಿದರೆ ಕೇಳುವವರು ಬಹಳ ಜನ. ಒಂದು ಕಿವಿಗೆ ಇಯರ್‌ಫೋನ್ ಅಭ್ಯಾಸ ಮಾಡಿಸಿ. ಎರಡೂ ಕಿವಿ ಬೇಡ, ರಸ್ತೆಯ ಸದ್ದು ಕೇಳಬೇಕು. ಟಾಕ್‌ಬ್ಯಾಕ್ ಮೆನುವಿನಲ್ಲಿ ಪರದೆಯನ್ನು ಮರೆಮಾಡುವ ಆಯ್ಕೆಯೂ ಇದೆ. ಪರದೆ ಕಪ್ಪಾಗಿರುತ್ತದೆ, ಕೆಲಸ ನಡೆಯುತ್ತಿರುತ್ತದೆ. ಪಿನ್ ಸಂಖ್ಯೆಯನ್ನು ಮನೆಯವರಿಗೂ ಹೇಳದೆ ತಾವೇ ಒತ್ತಲು ಬಂದ ದಿನವೇ ಫೋನು ನಿಜವಾಗಿ ಅವರದಾಗುವುದು.

ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಓದುಗ ತಂತ್ರಾಂಶ ಸಾಕು. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು 2006ರಲ್ಲಿ ಶುರುಮಾಡಿದ ಈ ತಂತ್ರಾಂಶ ಉಚಿತ, ಮುಕ್ತ. ಜೊತೆಯಲ್ಲೇ ಬರುವ ಇಸ್ಪೀಕ್ ದನಿಗೆ ಕನ್ನಡ ಬರುತ್ತದೆ. ಯಂತ್ರದಂಥ ದನಿ, ಹಳೇ ವಿಂಡೋಸ್ ಲ್ಯಾಪ್‌ಟಾಪಿನಲ್ಲೂ ತಡವರಿಸದೆ ಓದುತ್ತದೆ. ಪರೀಕ್ಷೆಗೆ ಕೂರುವ ಹುಡುಗರು ಇದನ್ನು ಬಿಟ್ಟು ಕೊಡಬಾರದು. ದೃಷ್ಟಿದೋಷವಿರುವ ವಿದ್ಯಾರ್ಥಿಗಳಿಗೆ ಮಾತನಾಡುವ ಲ್ಯಾಪ್‌ಟಾಪ್ ಕೊಡುವ ರಾಜ್ಯ ಸರ್ಕಾರದ ಯೋಜನೆಯೂ ಇದೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಟ್ಟುಕೊಂಡು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಅಷ್ಟು ದೂರ ಹೋಗಲಾಗದವರು ತಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಬಹುದು. ಊರಿನ ಬಾಯಲ್ಲಿ ಅವರು ವಿಆರ್‌ಡಬ್ಲ್ಯೂ.

ಹಂತ 3: ಕಾಗದವನ್ನು ಓದಿಸುವುದು

ಮುದ್ರಿತ ಕಾಗದಕ್ಕೆ ಗೂಗಲ್ ಲೆನ್ಸ್ ಸುಲಭ. ಫೋಟೊ ತೆಗೆದರೆ ಅಕ್ಷರ ಆರಿಸಿಕೊಂಡು ಓದಿಸಬಹುದು. ಕಾಣದವರಿಗೆ ಫೋಟೊ ತೆಗೆಯುವುದೇ ಸಾಹಸ. ಅದಕ್ಕೊಂದು ಉಪಾಯ: ಕಾಗದವನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿಡಿ, ಎರಡೂ ಮೊಣಕೈಗಳನ್ನು ಕಾಗದದ ಅಕ್ಕಪಕ್ಕ ಊರಿ, ಫೋನನ್ನು ಎರಡು ಕೈಯಲ್ಲಿ ಹಿಡಿದು ಕಾಗದದ ನಡುವಿಗೆ ತಾಗಿಸಿ, ಅಲ್ಲಿಂದ ನೇರ ಮೇಲಕ್ಕೆ ಒಂದೂವರೆ ಗೇಣು ಎತ್ತಿ ಒತ್ತಿ. ಬೆಳಕು ಪಕ್ಕದಿಂದ ಬರಲಿ, ಫೋನಿನ ನೆರಳು ಬೀಳದಂತೆ.

ಇಡೀ ಪುಸ್ತಕವಾದರೆ ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ಗೆ ಹಾಕಿ, ಕಂಪ್ಯೂಟರಿನಲ್ಲಿ ಗೂಗಲ್ ಡಾಕ್ಸ್ ಮೂಲಕ ತೆರೆಯಿರಿ. ಕನ್ನಡ ಅಕ್ಷರಗಳನ್ನು ಅದು ಗುರುತಿಸಿಕೊಡುತ್ತದೆ. ಒತ್ತಕ್ಷರ ಗಿಜಿಗುಟ್ಟಿದ ಕಡೆ, ಹಳೆಯ ಮೊಳೆ ಮುದ್ರಣದಲ್ಲಿ ತಪ್ಪುತ್ತದೆ. ಯಾರಾದರೊಬ್ಬರು ಮೂಲದ ಜೊತೆ ಹೋಲಿಸಿ ತಿದ್ದಲೇಬೇಕು. ಅಂಕಿಗಳನ್ನು ಎರಡು ಸಲ ನೋಡಿ.

ನೋಡಿ ಹೇಳಲು ಮನುಷ್ಯರೇ ಬೇಕಾದಾಗ ಬಿ ಮೈ ಐಸ್ ಇದೆ. 2015ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದ ಉಚಿತ ಆಪ್. ವಿಡಿಯೊ ಕರೆಯಲ್ಲಿ ಸ್ವಯಂಸೇವಕರು ಸಿಗುತ್ತಾರೆ. ಚಿತ್ರ ವಿವರಿಸುವ ಎಐ ಆಪ್‌ಗಳೂ ಈಗ ಬೇಕಾದಷ್ಟಿವೆ. ಅವು ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತವೆ. ಹಾಗಾಗಿ ಮಾತ್ರೆಯ ಹೆಸರು, ಪಹಣಿಯ ಸರ್ವೆ ನಂಬರು, ಚೆಕ್ಕಿನ ಮೊತ್ತ, ಇವನ್ನು ಎಐ ಮಾತಿನ ಮೇಲಷ್ಟೇ ನಂಬಬೇಡಿ.

ದುಡ್ಡಿಗೆ ರಿಸರ್ವ್ ಬ್ಯಾಂಕಿನ ಮಣಿ ಆಪ್ ಇದೆ. 2020ರಲ್ಲಿ ಬಂದದ್ದು, ನೆಟ್ ಇಲ್ಲದೆಯೂ ನೋಟು ಗುರುತಿಸುತ್ತದೆ. ಹೊಸ ನೋಟಾದರೆ ಬೆರಳಿಗೂ ಸಿಗುತ್ತದೆ: ಎಡಬಲ ಅಂಚಿನಲ್ಲಿ ಉಬ್ಬಿದ ಓರೆಗೆರೆಗಳು, 100ರ ನೋಟಿಗೆ 4, 500ಕ್ಕೆ 5. 200ಕ್ಕೂ ಗೆರೆ 4ಏ, ಆದರೆ ನಡುವೆ 2 ಪುಟ್ಟ ವೃತ್ತಗಳಿವೆ. ಸಂತೆಯಲ್ಲಿ ನೂರು ಕೈ ದಾಟಿ ಮೆತ್ತಗಾದ ನೋಟಿನಲ್ಲಿ ಇದ್ಯಾವುದೂ ಸಿಗುವುದಿಲ್ಲ, ಆಗ ಆಪ್ ಬೇಕು.

ಹಂತ 4: ಕಳುಹಿಸುವವರ ಮೇಜು

ಕಚೇರಿಯಲ್ಲಿ ಒಂದು ಸುತ್ತೋಲೆ ಹುಟ್ಟುವುದು ಹೀಗೆ: ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾರೆ, ಪ್ರಿಂಟ್ ತೆಗೆಯುತ್ತಾರೆ, ಸಹಿ, ಸೀಲು, ಆಮೇಲೆ ಮೊಬೈಲಿನಲ್ಲಿ ಫೋಟೊ ಹೊಡೆದು ಗುಂಪಿಗೆ ಬಿಡುತ್ತಾರೆ. ಟೈಪಾದ ಅಕ್ಷರ ಚೆನ್ನಾಗಿಯೇ ಇತ್ತು. ಅದನ್ನು ನಾವೇ ಚಿತ್ರ ಮಾಡಿ ಕೆಡಿಸಿದೆವು. ದಾಖಲೆಗೆ ಸಹಿ ಇರುವ ಪ್ರತಿಯೇ ಬೇಕು, ಸರಿ. ಅದನ್ನೂ ಕಳುಹಿಸಿ. ಜೊತೆಗೆ ಟೈಪ್ ಮಾಡಿದ ಪಠ್ಯವನ್ನು ಕಾಪಿ ಮಾಡಿ ಮೆಸೇಜಾಗಿ ಅಂಟಿಸಿ. ಅರ್ಧ ನಿಮಿಷದ ಕೆಲಸ.

ಅಂಟಿಸಿದಾಗ ಕನ್ನಡದ ಬದಲು ಏನೇನೋ ಬಂದರೆ ಅದು ಹಳೆಯ ಆಸ್ಕಿ ಫಾಂಟಿನ ಕಾಟ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ನಾವು ಕನ್ನಡವಾಗಿ ಕಾಣುತ್ತೇವೆ. ಕಂಪ್ಯೂಟರಿನ ಮಟ್ಟಿಗೆ ಅದು ಕನ್ನಡವೇ ಅಲ್ಲ. ‘ಕನ್ನಡ’ ಎಂಬ ಪದದ ಒಳಗೆ ಅದು ಇಟ್ಟುಕೊಂಡಿರುವುದು ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಗೀಟು ಹೊತ್ತ ‘ಎ’, ಪೌಂಡ್ ಹಣದ ಚಿಹ್ನೆ, ಚಿಕ್ಕ ‘ಕ್ಯೂ’, ಇಂಥವನ್ನು. ಕನ್ನಡದ ಆಕಾರ ಬರೀ ಫಾಂಟಿನ ವೇಷ. ಓದುಗ ತಂತ್ರಾಂಶಕ್ಕೆ ವೇಷ ಕಾಣುವುದಿಲ್ಲ, ಒಳಗಿರುವುದನ್ನೇ ಓದುತ್ತದೆ. ಕೇಳುವವರಿಗೆ ಸಿಗುವುದು ಪಿ, ಎ, ಪೌಂಡ್, ಎ. ಇಡೀ ಸುತ್ತೋಲೆ ಹೀಗೇ.

ಪರಿಹಾರ ಯೂನಿಕೋಡ್, ಅಂದರೆ ಕನ್ನಡದ ಅಕ್ಷರವನ್ನು ಒಳಗೂ ಕನ್ನಡವಾಗಿಯೇ ಇಟ್ಟುಕೊಳ್ಳುವ ಕ್ರಮ. ನುಡಿ, ಬರಹ ಎರಡರಲ್ಲೂ ಯೂನಿಕೋಡಿನಲ್ಲಿ ಟೈಪ್ ಮಾಡಬಹುದು. ಕೀಲಿಮಣೆಯ ಅಭ್ಯಾಸ ಬದಲಾಯಿಸಬೇಕಿಲ್ಲ, ಕೆ.ಪಿ. ರಾವ್ ವಿನ್ಯಾಸದಲ್ಲಿ ಕೈ ಪಳಗಿದವರು ಅದರಲ್ಲೇ ಮುಂದುವರಿಯಬಹುದು. ಹಳೆಯ ಕಡತಗಳಿಗೆ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಕಚೇರಿಯ ಹೊರಗೆ ಡಿಟಿಪಿ ಮಾಡಿಸುವವರು ಅಂಗಡಿಯವರಿಗೆ ಮೊದಲೇ ಹೇಳಿಬಿಡಿ: ಪ್ರಿಂಟಿನ ಜೊತೆ ಯೂನಿಕೋಡ್ ಕಡತವೂ ಬೇಕು.

ಯೂನಿಕೋಡಿನಲ್ಲೂ ಒಂದು ಎಡವಟ್ಟಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ. ಅಭ್ಯಾಸಬಲದಿಂದ ಕೆಲವರು ‘ಅಂಗಡಿ’ ಎಂದು ಬರೆಯುವಾಗ ಅನುಸ್ವಾರದ ಬದಲು ಸೊನ್ನೆಯ ಅಂಕಿ ಒತ್ತುತ್ತಾರೆ. ಕಣ್ಣಿಗೆ ವ್ಯತ್ಯಾಸವಿಲ್ಲ. ಫೋನು ಮಾತ್ರ "ಅ ಸೊನ್ನೆ ಗಡಿ" ಎನ್ನುತ್ತದೆ. ಕಡತದಲ್ಲಿ ‘ಅಂಗಡಿ’ ಎಂದು ಹುಡುಕಿಸಿ. ಪದ ಕಣ್ಣೆದುರೇ ಇದ್ದೂ ಸಿಗದಿದ್ದರೆ ಅಲ್ಲಿ ಸೊನ್ನೆ ಕೂತಿದೆ.

ವರ್ಡ್ ಕಡತವನ್ನು ಪಿಡಿಎಫ್ ಮಾಡುವಾಗ ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಬೇಡಿ, ಸೇವ್ ಆಸ್‌ನಿಂದ ನೇರ ಮಾಡಿ. ತಲೆಬರಹಗಳಿಗೆ ಬರೀ ದಪ್ಪಕ್ಷರ ಕೊಡುವ ಬದಲು ಹೆಡ್ಡಿಂಗ್ ಸ್ಟೈಲ್ ಕೊಟ್ಟರೆ ಕೇಳುವವರು ತಲೆಬರಹದಿಂದ ತಲೆಬರಹಕ್ಕೆ ನೆಗೆಯಬಹುದು. ಸ್ಪೇಸ್ ಬಾರ್ ಒತ್ತಿ ಒತ್ತಿ ಮಾಡಿದ ಕೋಷ್ಟಕ ಕಿವಿಗೆ ಚಿಂದಿಯಾಗಿ ಕೇಳುತ್ತದೆ, ಟೇಬಲ್ ಆಯ್ಕೆಯಿಂದಲೇ ಹಾಕಿ.

ಹಂತ 5: ನೋಟಿಸನ್ನು ಕೇಳುವಂತೆ ಬರೆಯುವುದು

ಅಕ್ಷರ ಸರಿಯಾಯಿತು, ಇನ್ನು ವಾಕ್ಯ. ನಮ್ಮ ಪ್ರಕಟಣೆಗಳ ಧಾಟಿ ಎಲ್ಲರಿಗೂ ಗೊತ್ತು:

"ಈ ಮೂಲಕ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಉಲ್ಲೇಖಿತ ಪತ್ರದನ್ವಯ ದಿ: 05/06ರಂದು ಬೆ. 10.30 ಗಂ.ಗೆ ಸ.ಹಿ.ಪ್ರಾ. ಶಾಲಾ ಆವರಣದಲ್ಲಿ ವಿಶೇಷ ಗ್ರಾಮಸಭೆ ಏರ್ಪಡಿಸಲಾಗಿದ್ದು, ಸದರಿ ಸಭೆಗೆ ಅಗತ್ಯ ದಾಖಲಾತಿಗಳೊಂದಿಗೆ ತಪ್ಪದೇ ಹಾಜರಾಗತಕ್ಕದ್ದು."

ಕಣ್ಣು ಇದರಲ್ಲಿ ದಿನಾಂಕವನ್ನು ಹೆಕ್ಕಿಕೊಂಡು ಉಳಿದದ್ದನ್ನು ಬಿಡುತ್ತದೆ. ಕಿವಿಗೆ ಹೆಕ್ಕಲು ಬರುವುದಿಲ್ಲ, ಮೊದಲಿನಿಂದ ಕೇಳಲೇಬೇಕು. "ಬೆ", "ಗಂ", "ಸ ಹಿ ಪ್ರಾ" ಎಂದು ಫೋನು ತೊದಲುತ್ತದೆ. ಅದನ್ನೇ ಹೀಗೆ ಬರೆಯಬಹುದು:

"ವಿಶೇಷ ಗ್ರಾಮಸಭೆ. ಜೂನ್ 5, ಶುಕ್ರವಾರ, ಬೆಳಿಗ್ಗೆ ಹತ್ತೂವರೆ ಗಂಟೆ. ಜಾಗ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಆವರಣ. ಆಧಾರ್ ಮತ್ತು ಪಡಿತರ ಚೀಟಿಯ ನಕಲು ತನ್ನಿ."

ಏನು, ಯಾವಾಗ, ಎಲ್ಲಿ, ಏನು ತರಬೇಕು: ಈ ಕ್ರಮದಲ್ಲಿ. ಸಂಕ್ಷೇಪಗಳನ್ನು ಬಿಡಿಸಿ ಬರೆಯಿರಿ, ವಾರದ ಹೆಸರು ಸೇರಿಸಿ. "ಮೇಲ್ಕಂಡ", "ಕೆಳಗೆ ಕೆಂಪು ಬಣ್ಣದಲ್ಲಿ ಗುರುತಿಸಿರುವ" ಎಂದು ಬರೆದರೆ ಕೇಳುವವರಿಗೆ ಮೇಲೂ ಇಲ್ಲ, ಕೆಂಪೂ ಇಲ್ಲ. ಸಾಲು ತುಂಬ ಹೂವು, ಕೈಮುಗಿದ ಚಿತ್ರ ಹಾಕುವವರು ದಯವಿಟ್ಟು ಒಂದಕ್ಕೆ ನಿಲ್ಲಿಸಿ. ಒಂದೊಂದನ್ನೂ ಫೋನು ಹೆಸರು ಹಿಡಿದು ಓದುತ್ತದೆ.

ಫೋಟೊ ಹಾಕಲೇಬೇಕಾದಾಗ ಕೆಳಗೆ ಅದರಲ್ಲೇನಿದೆ ಎಂದು ಒಂದೆರಡು ಸಾಲು ಬರೆಯಿರಿ. ಶಾಲೆಯ ಕಾರ್ಯಕ್ರಮದ ಫೋಟೊಗೆ "ಮಕ್ಕಳು ಕಂಸಾಳೆ ಕುಣಿಯುತ್ತಿದ್ದಾರೆ, ಮುಂದಿನ ಸಾಲಿನಲ್ಲಿ ನಾಲ್ವರು ಹುಡುಗಿಯರು" ಎಂದಿದ್ದರೆ ಅಲ್ಲಿರುವ ಮಗಳ ತಂದೆಗೂ ಕಾರ್ಯಕ್ರಮ ಕಂಡಂತೆ. ಕಳುಹಿಸುವ ಮುನ್ನ ನಿಮ್ಮ ಫೋನಿನ ಟಾಕ್‌ಬ್ಯಾಕ್ ಆನ್ ಮಾಡಿ, ಪರದೆ ನೋಡದೆ ಒಮ್ಮೆ ಕೇಳಿ.

ಹಂತ 6: ದಪ್ಪಕ್ಷರ

ಮಂದದೃಷ್ಟಿಯವರಿಗೆ ಕಾಗದ ಇನ್ನೂ ಉಪಯೋಗಕ್ಕೆ ಬರುತ್ತದೆ. ಇಂಗ್ಲಿಷ್ ಮಾರ್ಗದರ್ಶಿಗಳು 18 ಪಾಯಿಂಟ್ ಎನ್ನುತ್ತವೆ. ಕನ್ನಡಕ್ಕೆ ನನ್ನ ಲೆಕ್ಕದಲ್ಲಿ ಅದು ಸಾಲದು, 22 ಇರಲಿ. ಕಾರಣ ಒತ್ತಕ್ಷರ. ಮೂಲಾಕ್ಷರ ಕಂಡರೂ ಕೆಳಗಿನ ಒತ್ತು ಮಸುಕಾಗಿ, ‘ಕತೆ’ ಯಾವುದು ‘ಕತ್ತೆ’ ಯಾವುದು ತಿಳಿಯುವುದಿಲ್ಲ. ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬಿಡಿ, ಹೊಳೆಯುವ ಕಾಗದ ಬೇಡ, ಹಿನ್ನೆಲೆಯಲ್ಲಿ ದೇವರ ಚಿತ್ರ ಬೇಡ. ಫೋನಿನಲ್ಲಿ ಅಕ್ಷರದ ಗಾತ್ರ ಹೆಚ್ಚಿಸಿ, ಹಿಗ್ಗಿಸುವ ಆಯ್ಕೆ ಚಾಲೂ ಮಾಡಿ. ಕಪ್ಪು ಹಿನ್ನೆಲೆಯ ಬಿಳಿ ಅಕ್ಷರ ಕೆಲವರಿಗೆ ಹಿತ, ಕೆಲವರಿಗೆ ಆಗದು. ಕೇಳಿಯೇ ಮಾಡಿ.

ಹಂತ 7: ಬ್ರೈಲ್, ಯಾರಿಗೆ ಬೇಕೋ ಅವರಿಗೆ

1951ರಲ್ಲಿ ಒಪ್ಪಿಕೊಂಡ ಭಾರತಿ ಬ್ರೈಲ್ ಭಾರತದ ಭಾಷೆಗಳಿಗೆ ಒಂದೇ ನಕ್ಷೆ. ಕನ್ನಡದ ‘ಕ’, ತೆಲುಗಿನ ‘ಕ’, ಇಂಗ್ಲಿಷಿನ ‘ಕೆ’, ಮೂರಕ್ಕೂ ಆರು ಚುಕ್ಕಿಗಳ ಮನೆಯಲ್ಲಿ ಅವೇ 1 ಮತ್ತು 3ನೇ ಚುಕ್ಕಿ. ಮುದ್ರಣದ ಕನ್ನಡದಲ್ಲಿ ಕೆಳಕ್ಕಿಳಿಯುವ ಒತ್ತು ಬ್ರೈಲಿನಲ್ಲಿ ಸಾಲಿನಲ್ಲೇ ನಿಲ್ಲುತ್ತದೆ. ‘ಅಕ್ಕ’ ಬರೆಯಲು ‘ಅ’, ಆಮೇಲೆ ಅರ್ಧಾಕ್ಷರದ ಸೂಚನೆಯಾಗಿ 4ನೇ ಚುಕ್ಕಿ, ಆಮೇಲೆ ‘ಕ’, ‘ಕ’. ‘ಕಿ’ ಎಂದರೆ ‘ಕ’ ಮತ್ತು ‘ಇ’ ಅಕ್ಕಪಕ್ಕ. ಗುಡಿಸು, ಕೊಂಬು ಯಾವುದೂ ಇಲ್ಲ. ಕಣ್ಣು ಕಾಣುವ ಮೇಷ್ಟ್ರು ಮನಸ್ಸು ಮಾಡಿದರೆ ಬೇಸಿಗೆ ರಜೆಯಲ್ಲಿ ಕಲಿಯಬಹುದು. ಸ್ಲೇಟು ಮತ್ತು ಸ್ಟೈಲಸ್‌ನಲ್ಲಿ ಬರೆಯುವಾಗ ಬಲದಿಂದ ಎಡಕ್ಕೆ ಚುಚ್ಚಬೇಕು, ಕಾಗದ ತಿರುಗಿಸಿದರೆ ಎಡದಿಂದ ಬಲಕ್ಕೆ ಓದಿಸಿಕೊಳ್ಳುತ್ತದೆ.

ಶಾಲೆಗೆ ಹೋಗುವ ಮಗುವಿಗೆ ಬ್ರೈಲ್ ಬೇಕೇ ಬೇಕು. ಬರೀ ಕೇಳಿ ಕಲಿತ ಮಗುವಿಗೆ ಕಾಗುಣಿತ ಕೈಗೆ ಹತ್ತುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಅರವತ್ತರಲ್ಲಿ ದೃಷ್ಟಿ ಹೋದವರಿಗೆ ಒತ್ತಾಯಿಸಬೇಡಿ. ಅವರಲ್ಲಿ ಎಷ್ಟೋ ಜನರ ಬೆರಳತುದಿಯೂ ಜೋಮು ಹಿಡಿದಿರುತ್ತದೆ. ಅವರ ಮಾತ್ರೆ ಡಬ್ಬಿಗೆ ರಬ್ಬರ್ ಬ್ಯಾಂಡ್ ಸಾಕು: ಬೆಳಗಿನದಕ್ಕೆ ಒಂದು, ರಾತ್ರಿಯದಕ್ಕೆ ಎರಡು.

ಹಂತ 8: ದನಿ

ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2000ರ ದಶಕದ ಆರಂಭದಲ್ಲಿ ‘ನಮ್ಮ ಧ್ವನಿ’ ಸಮುದಾಯದವರು ತಾವೇ ಕಾರ್ಯಕ್ರಮ ತಯಾರಿಸಿ ಕೇಬಲ್ ತಂತಿಯ ಮೂಲಕ ಮನೆಮನೆಗೆ ಕೇಳಿಸಿದರು. ಇವತ್ತು ಅಷ್ಟೂ ಬೇಕಿಲ್ಲ. ಪಂಚಾಯಿತಿಯ ಕಸದ ಗಾಡಿಯಲ್ಲಿ ಮೈಕು ಇದೆ, ದಿನವೂ ಒಂದೇ ಹಾಡು ಹಾಕುತ್ತದೆ. ಹಾಡಿನ ನಡುವೆ ಒಂದು ನಿಮಿಷದ ಪ್ರಕಟಣೆ ಸೇರಿಸಿ. ನೀರು ಬಿಡುವ ದಿನ, ಪಿಂಚಣಿ ಶಿಬಿರ, ಗ್ರಾಮಸಭೆ. ಓದಲು ಬಾರದವರಿಗೂ ಅದೇ ಉಪಯೋಗ.

ಪುಸ್ತಕವನ್ನು ಓದಿ ದಾಖಲಿಸುವ ಸ್ವಯಂಸೇವಕರಿಗೆ ಕೆಲವು ಮಾತು. ಮೊದಲು ಪುಸ್ತಕದ ಹೆಸರು, ಬರೆದವರು, ಪ್ರಕಾಶಕರು, ಅಧ್ಯಾಯ ಹೇಳಿ. ಅಧ್ಯಾಯಕ್ಕೊಂದು ಕಡತ ಮಾಡಿ, ಹೆಸರಿನ ಮೊದಲಿಗೆ 01, 02 ಎಂದು ಅಂಕಿ ಇರಲಿ. ಪುಟ ಸಂಖ್ಯೆಯನ್ನೂ ಹೇಳಿ, ತರಗತಿಯಲ್ಲಿ ಮೇಷ್ಟ್ರು "48ನೇ ಪುಟ ತೆಗೀರಿ" ಎಂದಾಗ ಬೇಕಾಗುತ್ತದೆ. ನಾಟಕ ಮಾಡಬೇಡಿ, ಸಹಜವಾಗಿ ಓದಿ. ನಕ್ಷೆ, ಚಿತ್ರ ಬಂದರೆ ವಿವರಿಸಿ. ಫ್ಯಾನು ಆರಿಸಿ, ಬೀರುವಿನ ಬಟ್ಟೆಗಳ ಕಡೆ ಮುಖ ಮಾಡಿ ಕೂತರೆ ಗುಂಯ್‌ಗುಡುವುದು ತಗ್ಗುತ್ತದೆ.

ಹಕ್ಕುಸ್ವಾಮ್ಯದ ಹೆದರಿಕೆ ಬೇಡ. 2012ರ ತಿದ್ದುಪಡಿಯ ನಂತರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಲಾಭದ ಉದ್ದೇಶವಿಲ್ಲದೆ ವಿಕಲಚೇತನರಿಗಾಗಿ ಪುಸ್ತಕವನ್ನು ಓದಬಹುದಾದ ರೂಪಕ್ಕೆ ಬದಲಿಸಲು ಅವಕಾಶ ಕೊಟ್ಟಿದೆ. ಹಾಗೆಂದು ಎಲ್ಲರಿಗೂ ಸಿಗುವಂತೆ ಯೂಟ್ಯೂಬಿಗೆ ಹಾಕುವಂತಿಲ್ಲ. ಈಗಾಗಲೇ ಸಿದ್ಧವಿರುವ ಪುಸ್ತಕಗಳಿಗೆ 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ ನೋಡಿ. ಇಂಗ್ಲಿಷಿನಷ್ಟು ಕನ್ನಡ ಅಲ್ಲಿಲ್ಲ. ಬೆಂಗಳೂರಿನ ಮಿತ್ರಜ್ಯೋತಿಯಲ್ಲಿ ಮಾತನಾಡುವ ಪುಸ್ತಕಗಳ ಗ್ರಂಥಾಲಯವಿದೆ, ತುಮಕೂರಿನಿಂದ ಬೆಳಿಗ್ಗೆ ರೈಲು ಹತ್ತಿದರೆ ಸಂಜೆಗೆ ವಾಪಸು ಬರಬಹುದು.

ಹಂತ 9: ಕೊಡದಿದ್ದರೆ ಕೇಳುವುದು

ಮೊದಲು ಬಾಯಿಮಾತಲ್ಲಿ ಹೇಳಿ, ಹೆಚ್ಚಿನ ಕಚೇರಿಗಳಲ್ಲಿ ತಿಳಿಯದೆ ಆಗುತ್ತಿರುವುದು ಇದು. ಸ್ಥಳೀಯ ಸಂಸ್ಥೆಗಳಲ್ಲಿ ವಿಕಲಚೇತನರಿಗೆ ಮೀಸಲಾದ ಶೇ. 5ರ ಹಣವಿದೆ. ಅರಿವು ಕೇಂದ್ರದ ಕಂಪ್ಯೂಟರಿಗೆ ಹೆಡ್‌ಫೋನ್, ಸ್ಕ್ಯಾನರ್ ಅದರಿಂದ ಕೇಳಬಹುದು. ಎನ್‌ವಿಡಿಎಗೆ ದುಡ್ಡೇ ಬೇಡ.

ಬಾಯಿಮಾತು ನಡೆಯದಿದ್ದರೆ ಬರವಣಿಗೆ. ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಧ್ವನಿ, ಮುದ್ರಣ ಮತ್ತು ವಿದ್ಯುನ್ಮಾನ ರೂಪದ ಮಾಹಿತಿ ಎಲ್ಲರಿಗೂ ದಕ್ಕುವ ರೂಪದಲ್ಲಿ ಸಿಗುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಬ್ಯಾಂಕಿನ ಕೆವೈಸಿ ಕುರಿತ ಪ್ರಕರಣದಲ್ಲಿ, ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿದೆ. ದೂರು ರಾಜ್ಯದ ವಿಕಲಚೇತನರ ಆಯುಕ್ತರ ತನಕ ಹೋಗಬಹುದು.

ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವವರು 2005ರ ಆ ಕಾಯ್ದೆಯ 7(4)ನೇ ಉಪಸೆಕ್ಷನ್ ನಮೂದಿಸಿ. ಇಂದ್ರಿಯದ ವೈಕಲ್ಯವಿರುವ ಅರ್ಜಿದಾರರು ಮಾಹಿತಿ ಪಡೆಯಲು, ದಾಖಲೆ ಪರಿಶೀಲಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕೆಂದು ಅದು ಹೇಳುತ್ತದೆ. ಬರೆಯಲಾಗದವರು ಬಾಯಲ್ಲಿ ಹೇಳಿದರೆ ಬರೆದುಕೊಳ್ಳಲು ನೆರವಾಗುವುದೂ ಅವರದೇ ಕೆಲಸ. ಅರ್ಜಿಯ ಮೊದಲ ಸಾಲಿನಲ್ಲೇ "ಉತ್ತರವನ್ನು ಯೂನಿಕೋಡ್ ಪಠ್ಯವಾಗಿ ಈ ಇಮೇಲಿಗೆ ಕಳುಹಿಸಿ" ಎಂದು ಬರೆಸಿ. ಇಲ್ಲದಿದ್ದರೆ ಅಂಚೆಯಲ್ಲಿ ಮಾಸಲು ಜೆರಾಕ್ಸ್ ಬರುತ್ತದೆ, ಅದೂ ನುಡಿ ಆಸ್ಕಿಯಲ್ಲಿ ಟೈಪ್ ಮಾಡಿದ್ದು.